ನನ್ನ ಹನ್ನೊಂದು ಕೆಜಿ ಜೇನು

ನಾನು ಬಸ್ ಕಂಡಕ್ಟರ್. ಮನೆ ಚಿತ್ರದುರ್ಗದಲ್ಲಿ, ಕೋಟೆಯ ಬಂಡೆಗಳಿಗೆ ಬೆನ್ನು ಮಾಡಿ ನಿಂತಿರುವ ಸಾಲುಮನೆಗಳಲ್ಲಿ ಒಂದು. ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಒಂದು ಕರಿಬೇವಿನ ಗಿಡ, ಅಷ್ಟೆ. ಆ ನುಗ್ಗೆಮರದ ಕೆಳಗೆ ಎರಡು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದೇನೆ.

ಈ ಹುಚ್ಚು ಹತ್ತಿಸಿದವರು ಹೊಳಲ್ಕೆರೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಒಂದು ದಿನ ಬೆಳಗಿನ ಬಸ್ಸಿಗೆ ಗೋಣಿಚೀಲ ಸುತ್ತಿದ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಹತ್ತಿದರು. ಒಳಗಿಂದ ಗುಂಯ್ ಅನ್ನುವ ಸದ್ದು. ಪಕ್ಕದವರು ಕಿರುಚಿಕೊಂಡು ಎದ್ದರು, ಡ್ರೈವರ್ ಬಸ್ ನಿಲ್ಲಿಸುತ್ತೇನೆ ಅಂದ. ನಾನು ನನ್ನ ಸೀಟನ್ನೇ ಅವರಿಗೆ ಬಿಟ್ಟುಕೊಟ್ಟು ದುರ್ಗದವರೆಗೂ ನಿಂತು ಬಂದೆ. ಆ ಋಣಕ್ಕೋ ಏನೋ, ಮುಂದಿನ ತಿಂಗಳು ನನಗೂ ಒಂದೊಂದಾಗಿ ಎರಡು ಗೂಡು ತಂದುಕೊಟ್ಟರು.

ನನ್ನ ಬಸ್ಸು ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಹಿರಿಯೂರು. ಹಾಗಾಗಿ ಜೇನಿನ ಸುದ್ದಿ ಊರಿಂದೂರಿಗೆ ಹೊರುವವಳು ನಾನೇ ಆದೆ. ಹಿರಿಯೂರು ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟವರೊಬ್ಬರು ಮನೆ ಹಿಂದಿನ ತೆಂಗಿನ ಮರಗಳ ನಡುವೆ ನಾಲ್ಕು ಪೆಟ್ಟಿಗೆ ಸಾಕಿದ್ದರು. ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿ, ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬಾಕೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅವಳ ಹಿತ್ತಲ ಹುಣಸೆಮರದ ಕೆಳಗೆ ಎರಡು ಪೆಟ್ಟಿಗೆ. ಮೇಷ್ಟ್ರದು ಮೂರು.

ಮೇಷ್ಟ್ರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿವರ್ಷ ಹೊಂಗೆ ಹೂವಿನ ಕಾಲ ಮುಗಿದ ಮೇಲೆ ಯಾರಿಗೆ ಎಷ್ಟು ಜೇನುತುಪ್ಪ ಬಂತು, ಸುತ್ತ ಯಾವ ಹೂವಿತ್ತು ಅಂತ ಮುದ್ದಾದ ಅಕ್ಷರದಲ್ಲಿ ಬರೆಯುವರು. "ಇದು ಪಂದ್ಯ ಅಲ್ಲಮ್ಮ. ಯಾವ ಸೀಮೆ ನೆಲ ಹುಳಕ್ಕೆ ಏನು ಕೊಡ್ತದೆ ಅಂತ ತಿಳ್ಕಳಾಕೆ" ಅನ್ನುವರು.

ಮೊದಲ ವರ್ಷ ಹಿರಿಯೂರಿನವರಿಗೆ ಹದಿನಾರು ಕೆಜಿ, ಮೇಷ್ಟ್ರಿಗೆ ಹತ್ತು, ಹೊಸದುರ್ಗದವಳಿಗೆ ಐದು. ನನ್ನ ಎರಡು ಪೆಟ್ಟಿಗೆ ಸೇರಿ ಒಂದೂವರೆ. ಪಂಕ್ಚರ್ ಅಂಗಡಿಯವರು ನಕ್ಕು, "ದುರ್ಗದಾಗೆ ಏನೈತೆ ಮೇಡಂ? ನಿಮ್ಮ ಹುಳ ಬಂಡೆ ನೆಕ್ಕಿ ಬರ್ತಾವೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬಸ್ಸಿನಲ್ಲಿ ಇದಕ್ಕಿಂತ ಕೆಟ್ಟ ಮಾತು ದಿನಕ್ಕೆ ಹತ್ತು ಕೇಳಿಸಿಕೊಳ್ಳುತ್ತೇನೆ. ಮನೆಗೆ ಬಂದು ಮುಖ ತೊಳೆದರೆ ಮುಗಿಯಿತು. ಇದೊಂದು ಮಾತು ಮಾತ್ರ ಯಾಕೆ ಒಳಗೆ ಉಳಿಯಿತೋ. ಜೇನು ನಾನಾಗಿ ಆಸೆಪಟ್ಟು ಹಿಡಿದ ಕೆಲಸ, ಯಾರೂ ಹೇಳಿ ಮಾಡಿಸಿದ್ದಲ್ಲ. ಅದಕ್ಕೇ ಇರಬೇಕು.

ಮರುವರ್ಷ ಚಳಿ ಮುಗಿಯುವ ಹೊತ್ತಿಗೆ ಹುಳಗಳು ಸೊರಗಿದ್ದವು. ಹೂವಿಲ್ಲದಾಗ ಸಕ್ಕರೆ ಪಾಕ ಇಡಬೇಕು, ಹೂ ಬಂದಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಪಾಕವೇ ತುಪ್ಪದ ಜಾಗದಲ್ಲಿ ಕೂರುತ್ತದೆ ಅಂತ ಮೇಷ್ಟ್ರೇ ಹೇಳಿಕೊಟ್ಟಿದ್ದರು. ತೆಂಗಿನ ಚಿಪ್ಪಿನಲ್ಲಿ ಪಾಕ ಇಟ್ಟೆ. ಬೀದಿಯ ಹೊಂಗೆ ಹೂ ಬಿಟ್ಟಿತು. ನಾನು ನಿಲ್ಲಿಸಲಿಲ್ಲ. ಇನ್ನೂ ಸೊರಗಿವೆ, ಇನ್ನೊಂದು ವಾರ ಇರಲಿ ಅಂದುಕೊಂಡೆ. ಆಮೇಲೆ ತುಪ್ಪ ತುಂಬುವ ಮೇಲಿನ ಕೋಣೆಯ ಚೌಕಟ್ಟುಗಳನ್ನೂ ಇಟ್ಟು, ಚಿಪ್ಪು ಬಿಟ್ಟು ಬಟ್ಟಲಿನಲ್ಲಿ ಪಾಕ ಸುರಿದೆ. ಡ್ಯೂಟಿ ಮುಗಿಸಿ ಬಂದವಳು ಖಾಕಿ ಅಂಗಿ ಕೂಡ ಬಿಚ್ಚದೆ ಮೊದಲು ಆ ಕೆಲಸ ಮಾಡುತ್ತಿದ್ದೆ. "ಇದೇನೇ, ಮನೆ ಸಕ್ಕರೆಯೆಲ್ಲ ಹುಳಕ್ಕೇ ಹೋಯ್ತು?" ಅಂತ ಗಂಡ ಕೇಳಿದರು. "ಮೇಷ್ಟ್ರು ಹೇಳವ್ರೆ" ಅಂದೆ. ಅದು ಮೊದಲ ಸುಳ್ಳು.

ಹನ್ನೊಂದು ಕೆಜಿ ಬಂತು.

ಆ ವರ್ಷ ನಾವು ನಾಲ್ವರೂ ಹೊರಕೆರೆದೇವಪುರದಲ್ಲಿ ಮೇಷ್ಟ್ರ ತಂಗಿಯ ಮನೆಯಲ್ಲಿ ಸೇರಿದೆವು. ದೇವಸ್ಥಾನಕ್ಕೆ ಹೋಗಿ ಬಂದು ಜಗಲಿಯ ಮೇಲೆ ಕೂತು, ಎಲ್ಲರೂ ತಂದ ಬಾಟಲಿಗಳನ್ನು ಸಾಲಾಗಿಟ್ಟೆವು. ಹೊಸದುರ್ಗದವಳಿಗೆ ಆ ಸಲ ಎರಡೂವರೆ ಕೆಜಿ ಮಾತ್ರ. ಹೂವಿನ ಹೊತ್ತಿಗೆ ಗಾಳಿಮಳೆ ಬಂದು ಉದುರಿಸಿಬಿಟ್ಟಿತ್ತು. ನನ್ನ ಸರದಿ ಬಂದಾಗ ಹನ್ನೊಂದು ಅಂದೆ. ಮೇಷ್ಟ್ರ ಪೆನ್ನು ನಿಂತಿತು. "ದುರ್ಗದಾಗೆ! ನೋಡಿ ಮತ್ತೆ!" ಅಂತ ತಮ್ಮ ಮಗಳೇ ರ‍್ಯಾಂಕ್ ಬಂದಳೇನೋ ಅನ್ನುವಷ್ಟು ಖುಷಿಪಟ್ಟು ಬರೆದುಕೊಂಡರು. ಪಂಕ್ಚರ್ ಅಂಗಡಿಯವರು ನನ್ನ ಬಾಟಲಿಯಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಮುಚ್ಚಳ ತಿರುಗಿಸಿ ಇಟ್ಟು, ನೀರು ಕುಡಿದರು.

"ಅಕ್ಕ, ನೀವು ಏನು ಮಾಡಿದ್ರಿ? ನಂಗೂ ಹೇಳಿಕೊಡ್ರಿ" ಅಂದಳು ಹೊಸದುರ್ಗದವಳು.

ಅಲ್ಲೇ ನಿಜ ಹೇಳಬಹುದಿತ್ತು. ನಕ್ಕು ಬಿಡುತ್ತಿದ್ದರು ಅಷ್ಟೆ. ನಾನು ಗಂಟಲು ಸರಿಮಾಡಿಕೊಂಡು, "ಕೆಳಗಿನ ಕೋಣೆಯಾಗೆ ಇರೋ ತುಪ್ಪನೂ ಬಿಡಬಾರ್ದು. ತೆಗೀತಾನೇ ಇರ್ಬೇಕು. ಗೂಡು ಖಾಲಿ ಆದಷ್ಟೂ ಅವು ಜಾಸ್ತಿ ದುಡೀತಾವೆ" ಅಂದೆ.

ಎಲ್ಲಿಂದ ಬಂತೋ ಆ ಮಾತು. ಕೆಳಗಿನ ಕೋಣೆ ಮರಿ ಬೆಳೆಯುವ ಜಾಗ. ಅಲ್ಲಿನ ತುಪ್ಪ ಹುಳಗಳ ಮಳೆಗಾಲದ ಊಟ, ಅದನ್ನು ಮುಟ್ಟಬಾರದು ಅನ್ನುವುದೇ ನಾವು ಕಲಿತ ಮೊದಲ ಪಾಠ. ಮೇಷ್ಟ್ರು ತಲೆಯೆತ್ತಿ, "ಹಂಗಾ?" ಅಂದರು. "ನಾನು ಹಂಗೇ ಮಾಡೋದು" ಅಂದೆ. ಹನ್ನೊಂದು ಕೆಜಿ ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು. ಅವರು ಅದನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

ಹೊರಡುವಾಗ ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದುಕೊಟ್ಟಳು. ಸೊಳ್ಳೆಪರದೆ ಬಟ್ಟೆಯಲ್ಲಿ ನನಗೋಸ್ಕರ ಹೊಲಿದ ಮುಖದ ಮುಸುಕು. ಕುತ್ತಿಗೆಯ ಹತ್ತಿರ ಎಲಾಸ್ಟಿಕ್ ಕೂರಿಸಿದ್ದಳು. ತಗೊಂಡೆ.

ಆಷಾಢ ಬಂತು. ಬಸ್ಸು ಹೊಸದುರ್ಗಕ್ಕೆ ಬಂದಾಗ ಯಾವುದಾದರೂ ನೆಪದಲ್ಲಿ ಸ್ಟ್ಯಾಂಡಿಗೆ ಬಂದು ಎರಡು ಮಾತಾಡಿ ಹೋಗುತ್ತಿದ್ದವಳು ಮೂರು ವಾರ ಕಾಣಲಿಲ್ಲ. ರಜದ ದಿನ ಅವಳ ಮನೆಗೆ ಹೋದೆ. ಒಳಗೆ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು.

"ಬರ್ರಿ ಅಕ್ಕ, ಕುಂತ್ಕಳ್ರಿ" ಅಂದಳು. ಕೂರುವ ಮೊದಲೇ ಹಿತ್ತಲಿಗೆ ಕರೆದುಕೊಂಡು ಹೋದಳು. ಒಂದು ಪೆಟ್ಟಿಗೆಯ ತಳದಲ್ಲಿ ಒಂದು ಬೊಗಸೆಯಷ್ಟು ಸತ್ತ ಹುಳ, ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದು ಪೂರ್ತಿ ಖಾಲಿ. ಗೂಡು ಬಿಟ್ಟು ಎದ್ದು ಹೋಗಿದ್ದವು. ಒಣಗಿದ ಜೇನುರೊಟ್ಟಿಗಳ ಮೇಲೆ ಮೇಣ ತಿನ್ನುವ ಹುಳು ಬಲೆ ಕಟ್ಟಿತ್ತು.

"ನೀವು ಹೇಳಿದಂಗೇ ಮಾಡಿದೆ. ಎರಡು ಸಲ ತೆಗೆದೆ. ಮಳೆ ಹಿಡ್ಕಂತು, ಅವು ಮತ್ತೆ ತುಂಬಿಸ್ಲೇ ಇಲ್ಲ" ಅಂದಳು. "ನನ್ನ ಕೈಗುಣ ಸರಿಯಿಲ್ಲ ಅನ್ಸುತ್ತೆ ಅಕ್ಕ. ಇಲ್ಲಾಂದ್ರೆ ನನ್ನ ಹುಳಾನೇ ಸೋಮಾರಿ."

ನಾನು, "ಛೇ, ಹಂಗೇನಿಲ್ಲ" ಅಂದೆ. ಅಷ್ಟೇ ಅಂದದ್ದು. ಅವಳು ಕಾಫಿ ಕೊಟ್ಟಳು. ಕುಡಿದೆ. ಮಂಡಕ್ಕಿ ಒಗ್ಗರಣೆ ಕೊಟ್ಟಳು. ಅದನ್ನೂ ತಿಂದು, ಲೋಟ ತೊಳೆದಿಟ್ಟು ಬಂದೆ. ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಪರಿಚಯದವನೇ. ಏನಕ್ಕ, ಹುಷಾರಿಲ್ವಾ ಅಂದ. ತಲೆನೋವು ಅಂದೆ.

ಹದಿನೈದು ದಿನ ಹೀಗೇ ಕಳೆದೆ. ಆಮೇಲೊಂದು ಮಧ್ಯಾಹ್ನ ಹಿರಿಯೂರು ಸ್ಟ್ಯಾಂಡಿನಲ್ಲಿ ಪಂಕ್ಚರ್ ಅಂಗಡಿಯವರು ಕೈ ಒರೆಸಿಕೊಳ್ಳುತ್ತಾ ಬಸ್ಸಿನ ಬಾಗಿಲಿಗೆ ಬಂದರು.

"ಹೊಸದುರ್ಗದ ಹುಳ ಹೋದ್ವಂತೆ ಮೇಡಂ."

"ಹೂಂ, ಮಳೆ ಜಾಸ್ತಿ ಆಯ್ತಲ್ಲ" ಅಂದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಿಮ್ಮ ತುಪ್ಪ ನೆಕ್ಕಿದಾಗ್ಲೇ ಗೊತ್ತಾಯ್ತು ನಂಗೆ. ಬರೀ ಸಿಹಿ, ಹೂವಿನ ವಾಸನೆನೇ ಇಲ್ಲ. ನಾಲ್ಕು ಜನರ ಮುಂದೆ ಬ್ಯಾಡ ಅಂತ ಸುಮ್ಕಾದೆ. ಬಂಡೆ ನೆಕ್ತಾವೆ ಅಂತ ಅಂದೋನೂ ನಾನೇ ಅಲ್ವಾ. ಆದ್ರೆ ಆ ಹೆಣ್ಮಗಳಿಗೆ ನೀವು ಹೇಳಬೇಕ್ರೀ. ನಾನು ಹೇಳಿದ್ರೆ ಚಾಡಿ ಆಗ್ತದೆ."

ಅವರು ಬೈದಿದ್ದರೆ ಎದುರುಮಾತಾಡುತ್ತಿದ್ದೆನೇನೋ, ಅದು ನನಗೆ ಚೆನ್ನಾಗಿ ಬರುತ್ತದೆ. ನನ್ನ ಮಾನ ಕಾಯಲು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು ಅಂತ ತಿಳಿದಾಗ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಸೀಟಿ ಊದಿ ಬಸ್ ಬಿಡಿಸಿಬಿಟ್ಟೆ, ಇನ್ನೂ ಐದು ನಿಮಿಷ ಇದ್ದರೂ.

ಆ ಭಾನುವಾರ ಹೋಗಿ ಹೇಳಿದೆ. ಅವಳು ಯಾರದೋ ಮದುವೆಯ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ: ಪಾಕ ನಿಲ್ಲಿಸದೇ ಇದ್ದದ್ದು, ಹನ್ನೊಂದು ಕೆಜಿ ಬರೀ ಸಕ್ಕರೆ ಅನ್ನುವುದು, ಕೆಳಗಿನ ಕೋಣೆಯ ಮಾತು ಆ ಕ್ಷಣಕ್ಕೆ ಹುಟ್ಟಿಸಿದ್ದು, ನಾನು ಯಾವತ್ತೂ ಹಾಗೆ ಮಾಡೇ ಇಲ್ಲ ಅನ್ನುವುದು. ಸೂಜಿ ಹಿಡಿದ ಅವಳ ಕೈ ನಿಂತಿತು.

ಅದನ್ನು ರವಿಕೆಗೆ ಚುಚ್ಚಿಟ್ಟು, "ಹಂಗಾರೆ ನನ್ನ ಹುಳ ಸೋಮಾರಿ ಅಲ್ಲ" ಅಂದಳು.

"ಅಲ್ಲ."

"ನಾನು ಅವನ್ನ ಎಷ್ಟು ಬೈದೆ ಗೊತ್ತಾ ಅಕ್ಕ? ದಿನಾ ಬೆಳಿಗ್ಗೆ ಹೋಗಿ ಬೈತಿದ್ದೆ."

ನನ್ನ ಎರಡು ಗೂಡಿನಲ್ಲಿ ಒಂದನ್ನು ತಂದುಕೊಡುತ್ತೇನೆ ಅಂದೆ. "ಬ್ಯಾಡ ಬಿಡ್ರಿ" ಅಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಅಂಗಡಿಯಲ್ಲಿ ಬೇಡದ ಬಟ್ಟೆ ತೋರಿಸಿದರೆ ಅನ್ನುವ ಹಾಗೆ ಅಂದಳು. ಮತ್ತೆ ಸೂಜಿ ಹಿಡಿದಳು. ಆವತ್ತು ಕುಂತ್ಕಳ್ರಿ ಅನ್ನಲಿಲ್ಲ.

ಮೇಷ್ಟ್ರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು, "ಊರೂರಿಗೆ ತಾಳೆ ನೋಡ್ಬೇಕು ಅಂತ ಬರೆದದ್ದು. ಅದರಾಗೂ ಸುಳ್ಳು ಬರೆಸಿದ್ಯಲ್ಲಮ್ಮ" ಅಂದರು. ನನ್ನ ಎದುರೇ ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರು. ಮತ್ತೆ ತಮಗೇ ಹೇಳಿಕೊಳ್ಳುವಂತೆ, "ಅವತ್ತು ನಾನೂ ತಡೀಬೇಕಿತ್ತು" ಅಂದರು. ಅವರು ಹಾಗೆ ಅಂದದ್ದು ನನಗೆ ಇನ್ನೂ ಕಷ್ಟವಾಯಿತು.

ಈ ವರ್ಷ ಹಿರಿಯೂರಿನಲ್ಲಿ ಸೇರಿದ್ದೆವು. ನನಗೆ ಬಂದದ್ದು ಒಂದು ಕೆಜಿ ಮುನ್ನೂರು ಗ್ರಾಂ, ಹಾಗೇ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹೊಸದುರ್ಗದವಳೂ ಬಂದಿದ್ದಳು. ತೋಟವೊಂದರ ಹಾಳುಗೋಡೆಯಲ್ಲಿದ್ದ ಗೂಡನ್ನು ತಾನೇ ಹಿಡಿದು ಪೆಟ್ಟಿಗೆಗೆ ಕೂರಿಸಿದ್ದಾಳಂತೆ. ಆದರೆ ಅದನ್ನು ನನಗೆ ಹೇಳಿದವರು ಪಂಕ್ಚರ್ ಅಂಗಡಿಯವರು, ಅವಳಲ್ಲ. ಈ ಸಲ ತುಪ್ಪ ತೆಗೆದಿಲ್ಲ, ಹುಳ ನೆಲೆಯೂರಲಿ ಅಂತ ಬಿಟ್ಟಿದ್ದೇನೆ ಅಂತ ಮೇಷ್ಟ್ರಿಗೆ ಹೇಳಿ ಬರೆಸುತ್ತಿದ್ದಳು. ನಾನು ಕೇಳಿಸಿಕೊಂಡೆ.

ಈಗಲೂ ವಾರಕ್ಕೊಮ್ಮೆ ನನ್ನ ಬಸ್ಸು ಹತ್ತುತ್ತಾಳೆ. ಆಧಾರ್ ಕಾರ್ಡ್ ತೋರಿಸುತ್ತಾಳೆ, ನಾನು ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಡುತ್ತೇನೆ. ಇಷ್ಟು ವರ್ಷ ನೋಡಿದವಳ ಕಾರ್ಡನ್ನು ನೋಡುವ ಅಗತ್ಯವೇ ಇಲ್ಲ. ಅವಳು ತೋರಿಸುತ್ತಾಳೆ, ಹಾಗಾಗಿ ನಾನೂ ನೋಡುತ್ತೇನೆ. ಹುಳ ಹೇಗಿವೆ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ. ಹಿಂದಿನ ಸೀಟಿನವರ ಕಡೆಗೆ ಹೋಗುತ್ತೇನೆ.