ಕೋಫಿಗೆ ಹೇಳಿದ್ದು, ನನಗೆ ಹೇಳದ್ದು

ಘಾನಾ ದೇಶದ ಒಬ್ಬ ಗಂಡಸಿನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು. ಅವನನ್ನು ನೋಡಿದ್ದು ಲ್ಯಾಪ್‌ಟಾಪಿನ ಒಂದು ಪುಟ್ಟ ಚೌಕದಲ್ಲಿ ಮಾತ್ರ. ಹೆಸರು ಕೋಫಿ. (ಕಾಫಿ ಸೀಮೆಯವನಿಗೆ ಇಂಥ ಹೆಸರಿನವನೇ ಶತ್ರುವಾಗಬೇಕೆ?)

ನನ್ನ ಹೆಂಡತಿ ವೀಣಾ ನಿಮಗೆ ಗೊತ್ತಲ್ಲ, ಈ ಅಂಕಣಕ್ಕೆ ಆಗಾಗ ಬಂದು ನನ್ನ ಮಾನ ಕಳೆದು ಹೋಗುವವಳು. ಬಿಎಸ್ಸಿ ಅಗ್ರಿ ಓದಿದ್ದಾಳೆ. ಗೋಣಿಕೊಪ್ಪಲಿನಲ್ಲಿ ರೈತ ಹೆಂಗಸರ ಜತೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿದ್ದಾಳೆ. ಈಗ ಘಾನಾದ ಕೋಕೋ ತೋಟಗಳ ಪ್ರಾಜೆಕ್ಟ್‌ಗೆ ಆಯ್ಕೆಯಾಗಿದ್ದಾಳೆ. ಹೋಗುವ ಮುಂಚೆ ಆನ್‌ಲೈನ್ ಟ್ರೈನಿಂಗ್. ಜೆಂಡರ್ ಅನಾಲಿಸಿಸ್ ಅಂತೆ. ಒಂದು ಊರಿಗೆ ಯೋಜನೆ ಹೊತ್ತುಕೊಂಡು ಹೋಗುವ ಮೊದಲು ಅಲ್ಲಿ ದುಡಿಯುವವರು ಯಾರು, ತೀರ್ಮಾನ ಮಾಡುವವರು ಯಾರು, ಹೆಣ್ಣಿನ ಕೈಗೆ ಏನು ಸಿಗುತ್ತೆ, ಏನು ತಪ್ಪುತ್ತೆ ಅಂತ ಬಿಡಿಸಿ ನೋಡುವ ವಿದ್ಯೆ. ಬೇರೆ ಬೇರೆ ದೇಶದವರು ಸಂಜೆ ಹೊತ್ತು ಸ್ಕ್ರೀನಿನಲ್ಲಿ ಸೇರುತ್ತಾರೆ. ಪಾಠ ನಡೆಸುವವನು ಕೋಫಿ.

ಆಮೇಲೆ ಊಟಕ್ಕೆ ಕೂತರೆ ಬರೀ ಕೋಫಿ! "ಅವನು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಾನೆ ಗೊತ್ತಾ?" ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ನನ್ನ ಬಗ್ಗೆ ಯಾರಾದರೂ ಈ ಮಾತು ಹೇಳಿದ್ದುಂಟೆ?

ಹೋದ ವಾರ ಕ್ಲಾಸ್ ನಡೆಯುವಾಗ ಅವಳಿಗೆ ಟೀ ಕೊಡಲು ಹೋದೆ. (ಪತ್ತೇದಾರಿಗಲ್ಲ. ಸರಿ, ಸ್ವಲ್ಪ ಪತ್ತೇದಾರಿಗೂ.) ಆವತ್ತು ಎಲ್ಲರೂ ಅವರವರ ಮನೆಯನ್ನೇ ಅನಾಲಿಸಿಸ್ ಮಾಡಬೇಕಿತ್ತು. ಕೋಫಿ ಕೇಳಿದ: "ವೀಣಾ, ಹೆಣ್ಣು ಅನ್ನೋ ಕಾರಣಕ್ಕೆ ನಿನಗೆ ಸಿಗದೇ ಹೋಗಿದ್ದು ಏನು?"

ಅವಳು ತಡವರಿಸಲಿಲ್ಲ. "ಅಪ್ಪನ ಕಾಫಿ ತೋಟ. ಅದನ್ನ ನಡೆಸೋ ಆಸೆಯಿತ್ತು. ನಾನು ಓದಿದ್ದೇ ಅದಕ್ಕೆ. ಅಣ್ಣನಿಗೆ ಕೊಟ್ರು. ಕೊನೆಗೆ, ಆಳುಗಳ ಹಾಜರಿ ಬರೆಯೋ ರೈಟರ್ ಆಗಿಯಾದ್ರೂ ಇಟ್ಕೊಳ್ಳಿ ಅಂದೆ. ಅಪ್ಪ ನಕ್ಕುಬಿಟ್ರು."

 ಬಾಗಿಲವರೆಗೆ ಹೋದ ಟೀ ನನ್ನ ಜತೆಗೇ ಅಡುಗೆಮನೆಗೆ ವಾಪಸ್ ಬಂತು.

ನನಗೆ ಇದು ಗೊತ್ತೇ ಇರಲಿಲ್ಲ! ಭಾಗಮಂಡಲದ ಹತ್ತಿರದ ಅವಳ ತವರಿಗೆ ಹೋದಾಗಲೆಲ್ಲ "ತೋಟ ಸುತ್ತೋಣ ಬಾ" ಅಂದರೆ, "ಅಯ್ಯೋ, ಜಿಗಣೆ, ನಂಗಾಗಲ್ಲ" ಎಂದು ಅಡುಗೆಮನೆ ಸೇರುತ್ತಿದ್ದಳು. ನಾನು ನಂಬಿದ್ದೆ. ಈಗ ನಿಜ ಸಂಗತಿ ನೇಪಾಳಕ್ಕೆ ಗೊತ್ತು, ಫಿಲಿಪೀನ್ಸಿಗೆ ಗೊತ್ತು, ಆ ಕೋಫಿಗೆ ಗೊತ್ತು. ಗಂಡನಿಗೆ? ಬಾಗಿಲ ಸಂದಿಯಿಂದ ಗೊತ್ತು.

 ಊಟದ ಹೊತ್ತಿಗೆ ತಡೆಯಲಾಗಲಿಲ್ಲ. "ಅವನಿಗೆ ಹೇಳಿದ್ದನ್ನ ನನಗ್ಯಾಕೆ ಹೇಳಲಿಲ್ಲ?"

ವೀಣಾ ಸಾರು ಬಡಿಸುತ್ತ, "ನೀವು ಅಣ್ಣನ ಫ್ರೆಂಡ್ ಅಲ್ವಾ?" ಅಂದಳು. "ಅಲ್ಲಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ 'ನಿಮ್ಮಣ್ಣ ಎಂಥಾ ಪ್ಲಾಂಟರ್' ಅಂತ ಹೊಗಳ್ತೀರಿ. ನಾನು ಯಾವ ತಿರುವಲ್ಲಿ ಹೇಳ್ಬೇಕಿತ್ತು?"

 ನಾನು ಅನ್ನ ಕಲಸುತ್ತಲೇ ಇದ್ದೆ.

ಭಾನುವಾರ ಅವಳೇ ತವರಿಗೆ ಹೊರಡಿಸಿದಳು. ಕಾರಿಳಿದವಳು ಒಳಗೆ ಹೋಗಲಿಲ್ಲ. "ಅಣ್ಣ, ಬಾ. ಘಾನಾಕ್ಕೆ ಹೋಗೋ ಮುಂಚೆ ತೋಟ ನೋಡ್ಬೇಕು" ಅಂದಳು. ಭಾವ ಕಕ್ಕಾಬಿಕ್ಕಿಯಾಗಿ ಚಪ್ಪಲಿ ಹುಡುಕಿದರು. ಜಗಲಿಯಲ್ಲಿ ಒಬ್ಬನೇ ಕೂತು ನೋಡಿದೆ. ಅವಳು ಗಿಡದ ಕೊಂಬೆ ಬಾಗಿಸಿ ಏನೋ ತೋರಿಸುತ್ತಿದ್ದಳು, ಭಾವ ವಾದಿಸುತ್ತಿದ್ದರು, ಅವಳು ಜೋರಾಗಿ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಆ ನಗು ನಾನು ಕೇಳಿಲ್ಲ. ಭಾವನ ಮೇಲೂ ಕಿಚ್ಚು ಹತ್ತಿತು. ಕೊನೆಗೆ ಆ ಗಿಡದ ಮೇಲೂ!

ವಾಪಸ್ ಬರುವಾಗ ನಾನು ಯಾರನ್ನೂ ಹೊಗಳಲಿಲ್ಲ. ನಾಪೋಕ್ಲು ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು. "ರೀ, ಘಾನಾದಿಂದ ಬಂದ್ಮೇಲೆ ಒಂದು ಸಣ್ಣ ತೋಟ ತಗೊಳ್ಳೋಣ. ನನ್ನ ಹೆಸರಲ್ಲಿ."

"ನಮ್ಮಿಬ್ಬರ ಹೆಸರಲ್ಲಿ" ಅನ್ನುವ ಮಾತು ನನ್ನ ನಾಲಿಗೆ ತುದಿಯವರೆಗೂ ಬಂದು ನಿಂತಿತು. ನೀವಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದಿರಾ?