ಬೆಳ್ಳಿಯ ಸದ್ದು ಹೇಗಿರುತ್ತದೆ

ನನಗೆ ಸದ್ದು ಸಾಕಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಸದ್ದಿನ ವಿಷಯವೇ, ಇವಳೇನೋ ಸಂಗೀತ ಬಲ್ಲವಳಿರಬೇಕು ಎಂದು ನೀವು ತಪ್ಪು ತಿಳಿಯಬಾರದು. ಮದುವೆಯಾಗಿ ರಾಜಗೋಪಾಲನಗರಕ್ಕೆ ಬಂದ ದಿನದಿಂದ ನಮ್ಮ ಮನೆಯ ಎಡಗೋಡೆಯ ಆಚೆ ತಗಡು ಒತ್ತುವ ಒಂದು ಪ್ರೆಸ್ ಶೆಡ್ಡು, ಬಲಗೋಡೆಯ ಆಚೆ ಕಬ್ಬಿಣ ಕಡೆಯುವ ಲೇತು. ಬೆಳಗಾದರೆ ಧಡ್ ಧಡ್, ಮಧ್ಯಾಹ್ನ ಕರ್ರೋ ಎಂಬ ಕೊರೆತ. ಊಟದ ಹೊತ್ತಿಗೆ ಎರಡೂ ಒಟ್ಟಿಗೆ ನಿಂತರೆ, ಕರೆಂಟು ಹೋಯಿತೇನೋ ಎಂದು ನಾನು ತಲೆಯೆತ್ತಿ ಫ್ಯಾನು ನೋಡುತ್ತೇನೆ. ನಮ್ಮನೆಯವರಿಗೆ ಅದೂ ಗೊತ್ತಾಗುವುದಿಲ್ಲ. ಅವರು ಪೀಣ್ಯದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲೇ ಸರ್ವೀಸು ಮುಗಿಸಿದವರು. ಮನೆಯಲ್ಲೂ ಅದೇ ಸದ್ದು ಸಿಕ್ಕಿದ್ದರಿಂದ ರಿಟೈರ್ ಆದದ್ದೇ ಅವರ ಅರಿವಿಗೆ ಬಂದಂತಿಲ್ಲ.

ಹಾಗೆಂದು ನಾನು ಕಿವಿಯನ್ನು ಹಗುರವಾಗಿ ಕಾಣುವವಳಲ್ಲ. ಅಡುಗೆ ಮಾಡುವವಳು ಅರ್ಧ ಕೆಲಸ ಕಿವಿಯಲ್ಲೇ ಮಾಡುತ್ತಾಳೆ. ಸಾಸಿವೆ ಸಿಡಿದದ್ದು, ದೋಸೆ ಚುಂಯ್ ಎಂದದ್ದು, ಹಾಲು ಉಕ್ಕುವ ಮುಂಚಿನ ಆ ಕಳ್ಳ ಪಿಸುಗು, ಇವನ್ನೆಲ್ಲ ಯಾರು ಕಣ್ಣಿಟ್ಟು ನೋಡುತ್ತಾ ಕೂರುತ್ತಾರೆ? ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟಿಯೇ ಕೊಳ್ಳಬೇಕು. ಮಡಕೆಯನ್ನೂ ಅಷ್ಟೆ. ನಮ್ಮ ಭಾಷೆಯೂ ವಸ್ತುಗಳನ್ನು ಕೇಳಿಸಿಕೊಂಡೇ ಮಾತು ಕಟ್ಟಿದ ಹಾಗಿದೆ. ಗಂಟೆ ಢಣ್ ಎನ್ನುತ್ತದೆ, ಗೆಜ್ಜೆ ಝಲ್ ಎನ್ನುತ್ತದೆ, ಚಿಲ್ಲರೆ ಝಣಝಣ ಎನ್ನುತ್ತದೆ, ಬಿದ್ದ ತಟ್ಟೆ ಠಣಾರ್ ಎಂದು ಮನೆಯ ಮರ್ಯಾದೆ ತೆಗೆಯುತ್ತದೆ. ಆದರೆ ಮಣ್ಣಿನೊಳಗೆ ಹೂತುಹೋದ ಬೆಳ್ಳಿ ಏನೆನ್ನುತ್ತದೆ ಎಂಬುದಕ್ಕೆ ನನ್ನ ಹತ್ತಿರ ಶಬ್ದವಿರಲಿಲ್ಲ. ಅದನ್ನು ಜಿಗಣಿಯ ನಮ್ಮ ಸೈಟಿನಲ್ಲಿ, ಬಿಸಿಲಲ್ಲಿ ಕೂತು ಕಲಿತೆ.

ಆ ಸೈಟು ಕಾರ್ಖಾನೆಯ ನೌಕರರ ಸೊಸೈಟಿಯಿಂದ ಬಂದದ್ದು. ನಾವಿರುವುದು ಊರಿನ ಈ ತುದಿ, ಸೈಟು ಆ ತುದಿ. ಹೋಗಿ ನೋಡಿಕೊಂಡು ಬಂದರೆ ಮಾರನೆಯ ದಿನವೆಲ್ಲ ಮಲಗಬೇಕು, ಹಾಗಾಗಿ ವರ್ಷಗಟ್ಟಲೆ ಅದು ಕಾಗದದಲ್ಲೇ ಇತ್ತು. ಕೊನೆಗೂ ಮನೆ ಕಟ್ಟುವ ಮನಸ್ಸಾಗಿ ಗುದ್ದಲಿ ಪೂಜೆಗೆ ದಿನ ಇಟ್ಟೆವು. ಈಶಾನ್ಯದ ಮೂಲೆಯಲ್ಲಿ ಗುಂಡಿ ತೋಡಿ ನವಧಾನ್ಯ, ಪಂಚಲೋಹ ಹಾಕಿ ಮುಚ್ಚುವುದು ಪದ್ಧತಿ. ಗ್ರಂಥಿಗೆ ಅಂಗಡಿಯವನು ಪಂಚಲೋಹದ ಚೂರುಗಳನ್ನು ಪುಟ್ಟ ತಾಮ್ರದ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದ. ಕೆಂಪು ಬಟ್ಟೆಯಲ್ಲಿ ಕಟ್ಟಿರಬೇಕು ಎಂದಿದ್ದರು ಪುರೋಹಿತರು. ನಾನು ಒಂದು ಕೆಂಪು ರವಿಕೆ ಕಣವನ್ನು ಎರಡಾಗಿ ಹರಿದು, ಒಂದರಲ್ಲಿ ಆ ಡಬ್ಬಿ ಕಟ್ಟಿದೆ. ಇನ್ನೊಂದರಲ್ಲಿ, ಬಸ್ಸಿನಲ್ಲಿ ಮುಚ್ಚಳ ಬಿಚ್ಚಿಕೊಳ್ಳದಿರಲಿ ಎಂದು, ನಮ್ಮಮ್ಮನ ಬೆಳ್ಳಿಯ ಕುಂಕುಮದ ಭರಣಿ ಕಟ್ಟಿದೆ.

ಮುಂದಿನದನ್ನು ನೀವೇ ಊಹಿಸಿರುತ್ತೀರಿ. ಭೂಮಿಗೆ ಕುಂಕುಮವಿಟ್ಟು, ಭರಣಿಯನ್ನು ಜೋಪಾನವಾಗಿ ಮತ್ತೆ ಕಟ್ಟಿ ಹರಿವಾಣದಲ್ಲಿಟ್ಟೆ. ಪುರೋಹಿತರು "ದಂಪತಿಗಳು ಗಂಟನ್ನ ಕೈಯಲ್ಲಿ ಹಿಡ್ಕೊಳ್ಳಿ" ಎಂದರು. ಹಿಡಿದೆವು. "ಹಾಕಿ" ಎಂದರು. ಹಾಕಿದೆವು. ಹಾಲು ಹೊಯ್ದು, ಮಣ್ಣೆಳೆದು, ಮಂಗಳಾರತಿ ಮಾಡಿ, ಹೋಟೆಲಿನಲ್ಲಿ ಊಟ ಮಾಡಿ ಮನೆಗೆ ಬಂದು ಚೀಲ ಬಿಚ್ಚಿದರೆ ಪಂಚಲೋಹ ನನ್ನನ್ನೇ ನೋಡುತ್ತಿತ್ತು. ಇಬ್ಬರೂ ಕೈ ಸೇರಿಸಿ ಹಾಕಿದ್ದರಿಂದ ತಪ್ಪು ಯಾರದು ಎಂದು ಜಗಳವಾಡುವ ಸಮಾಧಾನವೂ ನನಗೆ ಉಳಿಯಲಿಲ್ಲ.

ನಮ್ಮಮ್ಮ ದಿನಾ ಬೆಳಿಗ್ಗೆ ಆ ಭರಣಿಯಲ್ಲೇ ಉಂಗುರಬೆರಳು ಅದ್ದುತ್ತಿದ್ದಳು. ಹೋಗುವ ದಿನವೂ ಅದ್ದಿದ್ದಳು. ಅವಳು ತುಂಬಿಸಿದ ಕುಂಕುಮ ಇನ್ನೂ ತಳದಲ್ಲಿತ್ತು. ನಾನು ಅದನ್ನು ಖರ್ಚು ಮಾಡದೆ, ಮನೆಯಲ್ಲಿ ಶುಭವೆನ್ನುವಂಥದ್ದೇನಾದರೂ ನಡೆದಾಗ ಮಾತ್ರ ಒಂದು ಚಿಟಿಕೆ ತೆಗೆಯುತ್ತಿದ್ದೆ. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಅಳುವುದಕ್ಕೂ ನಾಚಿಕೆ, ಈ ವಯಸ್ಸಿನಲ್ಲಿ ಒಂದು ಡಬ್ಬಿಗೆ ಅಳುತ್ತಾಳಲ್ಲ ಎಂದು ಯಾರಾದರೂ ಅಂದಾರೆಂದು. ಆದರೂ ಅತ್ತೆ.

ಪುರೋಹಿತರಿಗೆ ಫೋನ್ ಮಾಡಿದೆ. "ಭೂಮಿತಾಯಿಗೆ ಬೆಳ್ಳೀನೇ ಕೊಟ್ಟಿದೀರಿ, ಒಳ್ಳೇದೇ ಆಯ್ತಲ್ಲಮ್ಮ" ಎಂದು ನಕ್ಕರು. ಅದು ನಮ್ಮಮ್ಮಂದು ಎಂದೆ. "ಹಾಗಾದ್ರೆ ತೆಗೀರಿ. ತೆಗೆದು ಪಂಚಲೋಹ ಹಾಕಿ, ಒಂದು ಕಾಯಿ ಒಡೀರಿ, ದೋಷ ಇಲ್ಲ" ಎಂದರು. ದೋಷವಿಲ್ಲ ಸರಿ, ಗುಂಡಿಯೂ ಇರಲಿಲ್ಲ. ಮೇಸ್ತ್ರಿ ಚುರುಕಿನ ಮನುಷ್ಯ. ನಾವು ಈ ಕಡೆ ಬಂದ ಬೆನ್ನಿಗೇ ಜೆಸಿಬಿ ತರಿಸಿ ಇಡೀ ಸೈಟನ್ನು ಕೆದರಿ, ಮಿಕ್ಕ ಮಣ್ಣನ್ನು ಲಾರಿಗೆ ತುಂಬಿಸಿ, ಸಮತಟ್ಟು ಮಾಡಿಸಿದ್ದ. ಭರಣಿ ಎಲ್ಲಿ ಬೇಕಾದರೂ ಇರಬಹುದಿತ್ತು. ಸೋಮವಾರ ಕಾಂಕ್ರೀಟು ಹಾಕುವುದೆಂದು ಗೊತ್ತಾಗಿತ್ತು, ಅದನ್ನು ಮುಂದೂಡಿದರೆ ಮೇಸ್ತ್ರಿ ಬೇರೆ ಕೆಲಸ ಹಿಡಿದು ಹೋಗುತ್ತಾನೆ. ನಮಗಿದ್ದದ್ದು ಭಾನುವಾರ ಒಂದೇ.

ಆಗ ನಮ್ಮನೆಯವರಿಗೆ ರಂಗಪ್ಪ ನೆನಪಾದ. ರಂಗಪ್ಪನದು ನಾಗಸಂದ್ರದ ಕಡೆ ಗುಜರಿ ಅಂಗಡಿ. ಹಳೇ ಶೆಡ್ಡುಗಳ ನೆಲದಲ್ಲಿ ಹೂತ ಕಬ್ಬಿಣ, ತಾಮ್ರ ಹುಡುಕಲು ಒಂದು ಮೆಟಲ್ ಡಿಟೆಕ್ಟರ್ ಇಟ್ಟುಕೊಂಡಿದ್ದಾನೆ. ಉದ್ದ ಕೋಲಿನ ತುದಿಗೆ ರೊಟ್ಟಿ ಹಂಚು ಕಟ್ಟಿದ ಹಾಗಿರುತ್ತದೆ. ಅದರ ಪರದೆ ಎಂದೋ ಕೆಟ್ಟುಹೋಗಿ, ಸದ್ದು ಮಾತ್ರ ಉಳಿದಿತ್ತು.

"ಪರದೆ ಯಾಕ್ ಸಾರ್, ಎಲ್ಲಾ ಸೌಂಡಲ್ಲೇ ಗೊತ್ತಾಗೋಯ್ತದೆ" ಎಂದು ರಂಗಪ್ಪ ಒಂದೊಂದೇ ಚೂರು ನೆಲದ ಮೇಲಿಟ್ಟು ತೋರಿಸಿದನಂತೆ. ಕಬ್ಬಿಣಕ್ಕೆ ಗೊರ್ ಎಂಬ ತಗ್ಗಿದ ದನಿ. ಅಲ್ಯೂಮಿನಿಯಂ ಹಾಳೆಗೆ ನಡುವಿನ ದನಿ. ತಾಮ್ರ, ಬೆಳ್ಳಿಗೆ ಎಲ್ಲಕ್ಕಿಂತ ಮೇಲಿನ, ಸೂಜಿಯಂಥ ಸಣ್ಣ ದನಿ. ಗೊತ್ತಾಯ್ತಾ ಸಾರ್ ಎಂದದ್ದಕ್ಕೆಲ್ಲ ಇವರು ತಲೆಯಾಡಿಸಿ ಬಂದರು. ತಲೆಯಾಡಿಸುವುದರಲ್ಲಿ ನಮ್ಮನೆಯವರನ್ನು ಮೀರಿಸುವವರಿಲ್ಲ. ಉಪ್ಪು ಸರಿಯಿದೆಯಾ ಎಂದರೂ ಅದೇ, ಗ್ಯಾಸ್ ಬುಕ್ ಮಾಡಿದಿರಾ ಎಂದರೂ ಅದೇ.

ಭಾನುವಾರ ಆ ಯಂತ್ರವನ್ನು ಹೆಗಲಿಗೇರಿಸಿ ಮೆಟ್ರೊ ನಿಲ್ದಾಣಕ್ಕೆ ಹೋದೆವು. ಒಳಗೆ ಬಿಡುವ ಬಾಗಿಲು ಕಿರುಚಿಕೊಂಡಿತು. ಸೆಕ್ಯುರಿಟಿಯ ಹುಡುಗಿ ಓಡಿ ಬಂದು, "ಏನ್ ಸಾರ್ ಇದು?" ಎಂದಳು.

"ಮೆಟಲ್ ಡಿಟೆಕ್ಟರ್" ಎಂದರು ಇವರು.

"ನಮ್ಮತ್ರಾನೂ ಇದೆಯಲ್ಲಾ ಸಾರ್, ನೀವ್ಯಾಕೆ ತಂದ್ರಿ?" ಎಂದು ತನ್ನ ಕೈಯಲ್ಲಿದ್ದ ಕೋಲಿನಿಂದ ನಮ್ಮ ಕೋಲನ್ನು ಸವರಿದಳು. ಅದೂ ಕೂಗಿತು. ನಾನು ಭರಣಿಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವಳು, "ಸಿಗತ್ತೆ ಹೋಗಿ ಆಂಟಿ" ಎಂದು ಬಿಟ್ಟಳು. ಮೆಟ್ರೊ ಇಳಿದು, ಬಸ್ಸು ಹಿಡಿದು, ಅದರಲ್ಲಿ ನಿಂತು, ಜಿಗಣಿ ಸೇರುವಷ್ಟರಲ್ಲಿ ಹುಡುಕುವ ತ್ರಾಣವೆಲ್ಲ ದಾರಿಯಲ್ಲೇ ಸೋರಿಹೋಗಿತ್ತು.

ಹುಡುಕುವುದು ಟೆಕ್ನಿಕಲ್ ಕೆಲಸ, ಅದು ತಮ್ಮದೇ ಎಂದು ಇವರು ತೀರ್ಮಾನಿಸಿದ್ದರು. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಗದ್ದೆಗೆ ಔಷಧಿ ಹೊಡೆಯುವವರ ಹಾಗೆ ಯಂತ್ರವನ್ನು ಆ ಕಡೆ ಈ ಕಡೆ ಬೀಸುತ್ತಾ ನಡೆದರು. ನಾನು ಸಾಲಿಡ್ ಬ್ಲಾಕುಗಳ ಮೇಲೆ ಕೊಡೆ ಹಿಡಿದು ಕೂತೆ. ಎದುರು ಮನೆಯ ಮುನಿಯಮ್ಮ ಬಂದು ಪಕ್ಕದಲ್ಲಿ ನಿಂತಳು. ಈ ಲೇಔಟೆಲ್ಲ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. ಈಗ ಅವಳಿಗೆ ಮೂರಂತಸ್ತಿನ ಮನೆ, ಮಹಡಿಗಳಲ್ಲೆಲ್ಲ ಬಾಡಿಗೆಯವರು.

"ಏನಕ್ಕಾ, ನಿಧಿ ಐತಂತಾ?" ಎಂದಳು. "ಸಿಕ್ರೆ ಅರ್ಧ ನಮ್ದು, ಈಗ್ಲೇ ಏಳಿವ್ನಿ."

ನಾನು ಭರಣಿಯ ಕಥೆ ಹೇಳಿದೆ. ಅವಳ ನಗು ಅಲ್ಲೇ ನಿಂತಿತು. ಒಳಗೆ ಹೋಗಿ ಒಂದು ಚೆಂಬು ಮಜ್ಜಿಗೆ ತಂದು, "ಅಮ್ಮಂದು ಅಂದ್ರೆ ಅಂಗೆ ಬಿಡಕ್ಕಾಯ್ತದಾ" ಎಂದು ನನ್ನ ಪಕ್ಕದಲ್ಲೇ ಕೂತಳು.

ಇವರು ಅಗೆಯುತ್ತಲೇ ಇದ್ದರು. ಮೊಳೆ ಸಿಕ್ಕಿತು. ಬೈಂಡಿಂಗ್ ವೈರ್ ಸಿಕ್ಕಿತು. ಬಿಯರ್ ಬಾಟಲಿಯ ಮುಚ್ಚಳ, ವೆಲ್ಡಿಂಗ್ ರಾಡಿನ ತುಂಡು, ಎತ್ತಿನ ಕಾಲಿನ ಲಾಳ, ಅದನ್ನು ಮುನಿಯಮ್ಮ ಸೆರಗಲ್ಲಿ ಒರೆಸಿ ಇಟ್ಟುಕೊಂಡಳು. ಗುಟ್ಕಾ ಪೊಟ್ಟಣಗಳಂತೂ ಬೆಳೆ ತೆಗೆದಷ್ಟು. ಕಬ್ಬಿಣ ಸಿಕ್ಕಾಗಲೆಲ್ಲ ಇವರ ಮುಖ ಅರಳುತ್ತಿತ್ತು, ಬೆಳ್ಳಿ ಮಾತ್ರ ಇಲ್ಲ. ಬಿಸಿಲು ಏರಿತು, ಇಳಿಯತೊಡಗಿತು. "ಇಲ್ಲ ಕಣೇ, ಮಣ್ಣಿನ ಜೊತೆ ಲಾರೀಲಿ ಹೋಗಿರ್ಬೇಕು" ಎಂದು ಅವರು ಸೊಂಟ ಹಿಡಿದು ನಿಂತಾಗ ನನಗೂ ಹಾಗೆಯೇ ಅನ್ನಿಸಿತು.

ಅಷ್ಟರಲ್ಲಿ ಹೆಡ್‌ಫೋನಿನ ವೈರು ಒಂದು ಕಬ್ಬಿಣದ ಸರಳಿಗೆ ಸಿಕ್ಕಿ ಕಿತ್ತು ಬಂತು. ಸದ್ದು ಯಂತ್ರದಿಂದಲೇ ಹೊರಗೆ ಬರತೊಡಗಿತು. ಇವರು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು, ಇನ್ನೊಂದು ಸಾಲು ನೋಡಿಬಿಡೋಣ ಎಂದು ಮತ್ತೆ ಹೊರಟರು. ಗೊರ್. ಗೊರ್. ಆಮೇಲೆ ಕಿಂಯ್!

ನಾನು ಎದ್ದು ನಿಂತೆ. ಇವರು ನಿಲ್ಲದೆ ಮುಂದೆ ಹೋದರು.

"ರೀ, ಅಲ್ಲೇ!" ಎಂದು ಕೂಗಿದೆ. ಹಿಂದಕ್ಕೆ ಬಂದು ಬೀಸಿದರು. ಯಂತ್ರ ಮತ್ತೆ ಕಿಂಯ್ ಎಂದಿತು, ಎಷ್ಟು ಸಣ್ಣಗೆ, ಎಷ್ಟು ಸ್ಪಷ್ಟವಾಗಿ ಎಂದರೆ ನನ್ನ ಮೈ ಜುಮ್ಮೆಂದಿತು. ಇವರ ಮುಖದಲ್ಲಿ ಏನೇನೂ ಇಲ್ಲ.

"ಎಲ್ಲೇ? ಏನೂ ಬರ್ಲಿಲ್ವಲ್ಲ" ಎಂದರು.

"ಅಯ್ಯೋ ಸಾಮಿ" ಎಂದಳು ಮುನಿಯಮ್ಮ, "ಅಂಗ್ ಕೂಗ್ಕೊಂತೈತೆ, ನಿಮ್ಗೆ ಕೇಳಾಕಿಲ್ವಾ?"

ಇವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕಾಲ ಕೆಳಗಿನ ಮಣ್ಣಿನ ಮೇಲೆ ಯಂತ್ರವನ್ನು ತಾವೇ ಇನ್ನೊಮ್ಮೆ ನಿಧಾನವಾಗಿ ಬೀಸಿದರು. ಅದು ಕೂಗುತ್ತಲೇ ಇತ್ತು. ಅವರು ಯಂತ್ರವನ್ನು ನೋಡುತ್ತಿರಲಿಲ್ಲ, ನಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದರು, ಯಾವ ಗಳಿಗೆಯಲ್ಲಿ ನಮಗೆ ಕೇಳಿಸುತ್ತದೆ ಎಂದು ತಿಳಿಯಲು. ಇಷ್ಟು ಹೊತ್ತೂ ಈ ಮನುಷ್ಯ ಬಿಸಿಲಲ್ಲಿ ತನಗೆ ಕೇಳಿಸದ ಒಂದು ದನಿಗೆ ಕಾಯುತ್ತಾ ನಡೆದಿದ್ದಾರೆ, ಕೇಳಿಸದು ಎಂಬುದು ಅವರಿಗೂ ಗೊತ್ತಿಲ್ಲ.

"ಯಾವಾಗ್ಲಿಂದ ಹಿಂಗೆ?" ಎಂದು ನನ್ನನ್ನೇ ಕೇಳಿದರು.

"ನಂಗೇನ್ರೀ ಗೊತ್ತು, ಕಿವಿ ನಿಮ್ದು" ಎಂದೆ.

ಯಂತ್ರವನ್ನು ನನ್ನ ಕೈಗೆ ಕೊಟ್ಟು ಅವರು ಮಂಡಿಯೂರಿ ಕೂತರು. ನಾನು ಇಲ್ಲಿ, ಇನ್ನೂ ಈಚೆಗೆ, ಹೂಂ ಅಲ್ಲೇ ಎನ್ನುತ್ತಾ ಹೋದೆ. ಅವರು ಗುದ್ದಲಿ ಬಿಟ್ಟು ಬೆರಳಲ್ಲೇ ಕೆದಕಿದರು. ಕೆಂಪು ಬಟ್ಟೆಯ ಚೂರು ಕಂಡಿತು. ಭರಣಿಯ ಹೊಟ್ಟೆ ಒಂದು ಕಡೆ ನೆಗ್ಗಿತ್ತು, ಮುಚ್ಚಳ ಜಾಮಾಗಿತ್ತು. ಪ್ರೆಸ್ ಶಾಪಿನ ಕೈ ಅದನ್ನು ನೋಯದ ಹಾಗೆ ತಿರುಗಿಸಿ ಬಿಡಿಸಿತು. ಮೇಲೆಲ್ಲ ಹಾಲು ಇಳಿದು ಹೆಪ್ಪುಗಟ್ಟಿತ್ತು. ಉಗುರಲ್ಲಿ ಕೆರೆದರೆ ತಳದಲ್ಲಿ ಒಣಗಿದ, ಹುಡಿಹುಡಿಯಾದ ಕುಂಕುಮ. ನಾನು ಮುನಿಯಮ್ಮನ ಮುಂದೆಯೇ ಅತ್ತೆ. ಅವಳೂ ಯಾಕೋ ಮೂಗೊರೆಸಿಕೊಂಡಳು. ಆಮೇಲೆ ಈಶಾನ್ಯಕ್ಕೆ ಹೋಗಿ, ಈ ಸಲ ಗಂಟು ಬಿಚ್ಚಿ ನೋಡಿ, ಪಂಚಲೋಹ ಹಾಕಿ ಕಾಯಿ ಒಡೆದೆವು.

ಇವರು ಬ್ಲಾಕಿನ ಮೇಲೆ ಕೂತು ಕೈಯ ಮಣ್ಣು ಒರೆಸಿಕೊಂಡರು. "ಹೆಂಗಿತ್ತೇ ಅದು?" ಎಂದರು.

"ಯಾವ್ದು?"

"ಬೆಳ್ಳಿ ಸದ್ದು."

ನಾನು ಕಿಂಯ್ ಎಂದೆ. ಅವರು ತಲೆಯಾಡಿಸಲಿಲ್ಲ. ನನ್ನ ತುಟಿ ನೋಡುತ್ತಿದ್ದರು. ದನಿ ಇಳಿಸಿ ಇನ್ನೊಮ್ಮೆ ಎಂದೆ. ಊಹೂಂ. ಇನ್ನೂ ಇಳಿಸಿದೆ. ಕೊನೆಗೆ ಹೊಟ್ಟೆಯಿಂದ ಉಸಿರೆಳೆದು, ಗಂಟಲಿನ ತಳದಿಂದ, ಕುಂ ಎಂದು ಎಳೆದೆ. "ಎಮ್ಮೆ ಕೂಗ್ದಂಗೈತೆ ಅಕ್ಕಾ" ಎಂದು ಮುನಿಯಮ್ಮ ಬಿದ್ದು ಬಿದ್ದು ನಕ್ಕಳು. ಇವರ ಮುಖ ಮಾತ್ರ ಬೆಳಗಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವರು ಆ ದನಿಯನ್ನೇ ಗುನುಗಿಕೊಳ್ಳುತ್ತಿದ್ದರು. "ಬೆಳ್ಳಿ ಏನು ಗಂಭೀರವಾಗಿದೆ ಕಣೇ!" ಎಂದರು. ಗಂಭೀರವೂ ಇಲ್ಲ ಮಣ್ಣೂ ಇಲ್ಲ, ಅದು ಕಿಂಯ್ ಎನ್ನುತ್ತದೆ ಎಂದು ತಿದ್ದಲು ಹೊರಟವಳು ತಡೆದುಕೊಂಡೆ. "ಹೂಂ ಕಣ್ರೀ, ಹಾಗೇ ಇತ್ತು" ಎಂದೆ. ಅವರು ಏನು ಎಂಬಂತೆ ಕಿವಿಯನ್ನು ನನ್ನ ಕಡೆ ತಿರುಗಿಸಿದರು. ಹಾಗಾಗಿ ಆ ಸುಳ್ಳನ್ನು ನಾನು ಇಡೀ ಬಸ್ಸಿಗೆ ಕೇಳುವಂತೆ ಇನ್ನೊಮ್ಮೆ ಕೂಗಿ ಹೇಳಿದೆ.