ಶರಣಪ್ಪನ ಸ್ಟೀಲ್ ತಟ್ಟೆ

ಗೇರ್ ಆಯಿಲಿನ ವಾಸನೆ ಬಂದರೆ ಸಾಕು, ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತದೆ. ನಿನ್ನೆ ಸಾಸವಡದ ಶರಣಪ್ಪನ ಗ್ಯಾರೇಜಿನಲ್ಲೂ ಹಾಗೇ ಆಯಿತು. ನಮ್ಮ ಕಂಪನಿಯ ಮುದಿ ಟ್ರ್ಯಾಕ್ಟರ್ ಮತ್ತೆ ಹಿಂಭಾಗ ಬಿಚ್ಚಿಸಿಕೊಳ್ಳಲು ಬಂದು ನಿಂತಿತ್ತು. ಅದರ ಹೈಡ್ರಾಲಿಕ್ ಲಿಫ್ಟಿಗೆ ಎತ್ತಿದ ಭಾರ ನಿಲ್ಲುವುದಿಲ್ಲ. ನನ್ನ ಸೊಂಟದ್ದೂ ಅದೇ ತಕರಾರು.

ಶರಣಪ್ಪ ಯಾದಗಿರಿ ಕಡೆಯ ಮೇಸ್ತ್ರಿ. ಗೇರುಗಳಿರುವ ಹೌಸಿಂಗಿನ ಮುಚ್ಚಳ ತೆಗೆಯುವ ಮೊದಲು, ಒಳಗೆ ಏನೂ ಬೀಳದಿರಲೆಂದು, ಸ್ಟೀಲ್ ತಟ್ಟೆ ಹಿಡಿದು ಎಲ್ಲರ ಮುಂದೆ ಬರುತ್ತಾನೆ. ಜೇಬಿನ ಸಾಮಾನು, ಕೈಯ ಉಂಗುರ ಎಲ್ಲ ಅದರೊಳಗೆ ಬೀಳಬೇಕು. ನೋಡಿದವರು ಆರತಿ ತಟ್ಟೆ ಎಂದುಕೊಳ್ಳಬೇಕು, ಹಾಗೆ.

ಎಷ್ಟೋ ವರ್ಷಗಳ ಹಿಂದೆ, ಕೊಂಢವಾದಲ್ಲಿರುವ ನಮ್ಮ ಆಫೀಸಿನಿಂದ ಇದೇ ಕೆಲಸಕ್ಕೆ ಬಂದಿದ್ದೆ. ಉಳಿದದ್ದೆಲ್ಲ ತಟ್ಟೆಗೆ ಹಾಕಿದೆ, ಮಾವ ಕೊಟ್ಟ ಸ್ಟೀಲ್ ಟೊಪ್ಪಿಗೆಯ ಪೆನ್ನೊಂದನ್ನು ಬಿಟ್ಟು.

“ಅದನ್ನೂ ಹಾಕ್ರಿ, ಸರ.”

“ಕ್ಲಾರ್ಕ್ ಇದ್ದೀನೋ ಮಾರಾಯಾ, ಪೆನ್ ಬಿಟ್ಟು ಹೆಂಗ ಇರಲಿ?”

ನನ್ನ ಜಂಬವೇ! ತೆರೆದ ಹೌಸಿಂಗಿನ ಮೇಲೆ ಬಾಗಿ, ಲಿಫ್ಟ್ ಎತ್ತುವ ಪಂಪಿನ ನಂಬರನ್ನೂ ಗತ್ತಿನಿಂದ ಬರೆದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಪಂಪು ಕೂತಿತು, ಮುಚ್ಚಳ ಬಿಗಿಯಿತು, ಆಯಿಲ್ ತುಂಬಿತು. ಪಾಲಖಿಯ ಜೊತೆ ನಡೆದು ಬರುವ ವಾರಕರಿ ಯಾತ್ರಿಕರಿಗೆ ನೀರಿನ ಟ್ಯಾಂಕರ್ ಎಳೆದುಕೊಂಡು ಟ್ರ್ಯಾಕ್ಟರ್ ತಕ್ಷಣ ಘಾಟು ಇಳಿಯಬೇಕಿತ್ತು. ನಮ್ಮ ಕಂಪನಿಯ ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು. ಕೆಲಸ ಮುಗಿದ ಚೀಟಿ ಬರೆಯಲೆಂದು ಪೆನ್ನು ತೆಗೆದೆ. ಟೊಪ್ಪಿಗೆ ಇರಲಿಲ್ಲ.

ನೆಲ ಹುಡುಕಿದೆ, ತಟ್ಟೆ ಹುಡುಕಿದೆ. ಹೌಸಿಂಗಿನ ಮೇಲೆ ಬಾಗಿದಾಗಲೇ ಒಳಗೆ ಬಿದ್ದಿರಬೇಕು. ಅದು ಗೇರಿನ ಹಲ್ಲುಗಳ ನಡುವೆ ಸಿಕ್ಕರೆ ಇಳಿಜಾರಿನಲ್ಲಿ ಚಕ್ರ ಕಚ್ಚಿ ನಿಲ್ಲುತ್ತದೆ. ಹಿಂದೆ ತುಂಬಿದ ಟ್ಯಾಂಕರ್, ಮುಂದೆ ಸಾವಿರ ಜನ. ಹೇಳಿದರೆ ಸಾಹೇಬರ ಮುಂದೆ ನನ್ನ ಮಾನ ಹೋಗುತ್ತದೆ. ನಾಚಿಕೆಗೇಡಿನ ಮಾತು, ಆದರೂ ನಿಮ್ಮಲ್ಲಿ ಮುಚ್ಚಿಡುವುದೇನು? ಡ್ರೈವರ್ ಹತ್ತಿ ಇಂಜಿನ್ ಶುರು ಮಾಡುವವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಓಡಿಹೋಗಿ ಶರಣಪ್ಪನ ಕಿವಿಯಲ್ಲಿ ಹೇಳಿದೆ.

ಅವನು ನನ್ನ ಮುಖ ನೋಡಿದ. ಇಂಜಿನ್ ಬಂದ್ ಮಾಡಿಸಿ ಸಾಹೇಬರ ಕಡೆ ತಿರುಗಿದ.

“ಮಾಝೀ ಚೂಕ್, ಸಾಹೇಬ. ನನ್ನ ಕೈಯಿಂದ ಬೋಲ್ಟ್ ಒಳಗ ಬಿದ್ದದ. ಮತ್ತ ಬಿಚ್ಚಬೇಕ್ರಿ.”

ಸಾಹೇಬರು ಮರಾಠಿಯಲ್ಲಿ ಅವನ ನೀರಿಳಿಸಿದರು. ನಾನು ಬೋಳು ಪೆನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಆಯಿಲ್ ಬಸಿದು, ಮುಚ್ಚಳ ತೆಗೆದು, ಶರಣಪ್ಪ ಮೊಳಕೈವರೆಗೆ ಒಳಗೆ ತಡಕಾಡಿದ. ಕೊನೆಗೆ ಸಿಕ್ಕಿತು. ಯಾರಿಗೂ ಕಾಣದಂತೆ ನನ್ನ ಅಂಗೈಗೆ ಒತ್ತಿದ. ನೀರಿಗೆ ಬೇರೆ ಟ್ರ್ಯಾಕ್ಟರ್ ಹೋಯಿತು. ನಾನು ಅವನಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ನಿನ್ನೆ ಸಾಹೇಬರೂ ಬಂದಿದ್ದರು. ಶರಣಪ್ಪನ ಕೈಕೆಳಗಿನ ಮೆಕ್ಯಾನಿಕ್‌ಗಳಿಗೆ ನಗುತ್ತ ಹೇಳಿದರು: “ಜೋಪಾನ ರೇ! ನಿಮ್ಮ ಉಸ್ತಾದನ ಹಾಗೆ ಬೋಲ್ಟ್ ಬೀಳಿಸಬೇಡಿ.” ವರ್ಷಗಳಿಂದ ಇದೇ ಚೇಷ್ಟೆ. ಶರಣಪ್ಪ ಎಂದಿನಂತೆ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಿದ್ದ.

ನನಗೆ ತಡೆಯಲಾಗಲಿಲ್ಲ. “ಬೋಲ್ಟ್ ಅಲ್ಲ, ಸಾಹೇಬ. ನನ್ನ ಪೆನ್ನಿನ ಟೊಪ್ಪಿಗೆ. ಬೀಳಿಸಿದವನೂ ನಾನು, ಸುಮ್ಮನಿದ್ದವನೂ ನಾನು.”

ಸಾಹೇಬರ ನಗು ಅರ್ಧಕ್ಕೆ ನಿಂತಿತು. ಶರಣಪ್ಪ ಎದ್ದು ತಟ್ಟೆ ತಂದು ನನ್ನ ಮುಂದೆ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು.

“ಅದಿರಲಿ ಬಿಡ್ರಿ, ಸರ. ಮೊದ್ಲ ಪೆನ್ ಹಾಕ್ರಿ.”

ಹಾಕಿದೆ.